ಗಿರಿಜಾ ಬಲದಿಂದ ಎಡಕ್ಕೆ ಓದಿದ ಮಳೆಗಾಲ

ಮೊನ್ನೆ ರೇಷನ್ ಅಂಗಡಿಯಿಂದ ಬರುವಾಗ ಚೀಲದೊಳಗಿದ್ದ ಕಾರ್ಡು ಒದ್ದೆಯಾಗಿಬಿಟ್ಟಿತು. ಗೋವಾದ ಮಳೆಗಾಲದಲ್ಲಿ ಏನನ್ನಾದರೂ ಒಣಗಿಸಬೇಕೆಂದರೆ ಬಿಸಿಲನ್ನು ನಂಬುವಂತಿಲ್ಲ, ಇಸ್ತ್ರಿಪೆಟ್ಟಿಗೆಯನ್ನು ನಂಬಬೇಕು. ಕಾರ್ಡಿನ ಮೇಲೆ ಹಳೆಯ ಕರವಸ್ತ್ರ ಹಾಸಿ ಮೆಲ್ಲಗೆ ಇಸ್ತ್ರಿ ಆಡಿಸಿದೆ. ಬೆಚ್ಚಗಾದ ಕಾಗದದ ವಾಸನೆ ಎದ್ದಿತು. ಅರ್ಧ ಹಸಿ, ಅರ್ಧ ಸುಟ್ಟ ಹಾಗಿನ ಆ ವಾಸನೆಗೆ ನನ್ನ ಕೈ ಅಲ್ಲೇ ನಿಂತಿತು. ನನ್ನ ನಾದಿನಿ ಗಿರಿಜಾ ನಮ್ಮ ಮನೆಯಲ್ಲಿದ್ದ ಒಂದು ಮಳೆಗಾಲವಿಡೀ ನಮ್ಮ ಒಳಗಿನ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು.

ಗಿರಿಜಾ ಈಗ ರಬಕವಿಯಲ್ಲಿದ್ದಾಳೆ. ತವರುಮನೆಯ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜಂಪರು ಹೊಲಿಯುತ್ತಾಳೆ. ಫೋನು ಮಾಡಿದರೆ ಹಿಂದೆ ಯಂತ್ರದ ಸದ್ದು ಕೇಳುತ್ತದೆ. ಗೋವಾಕ್ಕೆ ಬಾ ಎಂದರೆ "ಬರ್ತೇನ್ರಿ ವೈನಿ" ಅನ್ನುತ್ತಾಳೆ. ಬರುವುದಿಲ್ಲ.

ನಮ್ಮವರು ಪರ್ವರಿಯಲ್ಲಿ ಒಬ್ಬ ಬಿಲ್ಡರನ ಕೈಕೆಳಗೆ ಸೂಪರ್‌ವೈಸರ್. ಸುತ್ತ ಏಳುತ್ತಿರುವ ಕಟ್ಟಡಗಳ ನಡುವೆ ಎರಡನೆಯ ಮಹಡಿಯ ಚಿಕ್ಕ ಫ್ಲಾಟು ನಮ್ಮದು. ಗಿರಿಜಾ ಅವರ ಕೊನೆಯ ತಂಗಿ. ಅವಳ ಮದುವೆಯಾಗಿ ವರ್ಷ ತುಂಬುವ ಮೊದಲೇ ಅನಮೋಡ ಘಾಟಿನಲ್ಲಿ ಅವಳ ಗಂಡ ಈರಣ್ಣನ ಲಾರಿ ಉರುಳಿತು. ಅತ್ತೆ ಮನೆಯವರು ಅವನ ಕಾರ್ಯ ಮುಗಿಸಿ ಅವಳನ್ನು ತವರಿಗೆ ತಂದು ಬಿಟ್ಟರು. ಆಮೇಲೆ ಓಣಿಯ ಹೆಂಗಸರು ಸಿಕ್ಕಾಗಲೆಲ್ಲ "ಮುಂದೇನವಾ?" ಎಂದು ಕೇಳತೊಡಗಿದರು. ಕೇಳುವವರ ಬಾಯಿ ಮುಚ್ಚಿಸಲಾಗದೆ ನಮ್ಮವರು ಅವಳನ್ನು ಮಳೆ ಹಿಡಿಯುವ ಮೊದಲು ಇಲ್ಲಿಗೆ ಕರೆತಂದರು. ಗೋವಾದಲ್ಲೇ ಕುಡಚಡೆಯಲ್ಲಿ ಒಂದು ಸಂಬಂಧ ನೋಡಿಟ್ಟಿದ್ದಾರೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮೊದಲ ಕೆಲವು ದಿನ ಯಾರೂ ಅದರ ಮಾತೆತ್ತಲಿಲ್ಲ.

ಮನೆಯಲ್ಲಿ ಅವಳಿದ್ದದ್ದೇ ತಿಳಿಯುತ್ತಿರಲಿಲ್ಲ. ಬಟ್ಟೆ ಒಣಗಿದೆಯೋ ಇಲ್ಲವೋ ಎಂದು ಕೆನ್ನೆಗೆ ಒತ್ತಿ ನೋಡುವಳು. ಬಾಗಿಲು ಹಾಕುವಾಗ ಸದ್ದಾಗದ ಹಾಗೆ ಚಿಲಕವನ್ನು ಬೆರಳಿನಿಂದ ಹಿಡಿದುಕೊಳ್ಳುವಳು. ನಾನು ಏನಾದರೂ ತಿನ್ನಲು ಕೊಟ್ಟರೆ, ಉಳಿದವರಿಗೆ ಇದೆಯೇ ಎಂದು ಡಬ್ಬಿಯ ಕಡೆ ಕಣ್ಣು ಹಾಯಿಸಿಯೇ ಕೈಚಾಚುವಳು.

ಹತ್ತನೆಯ ತರಗತಿಯಲ್ಲಿದ್ದ ನಮ್ಮ ಮಗಳು ಶ್ರೇಯಾ ಆಗ ಶಾಲೆಯ ಗೆಳತಿಯೊಬ್ಬಳಿಂದ ಮಾಂಗಾ ತರುತ್ತಿದ್ದಳು. ಜಪಾನಿನ ಚಿತ್ರಕಥೆಯ ಪುಸ್ತಕಗಳು, ಇಂಗ್ಲಿಷಿಗೆ ಬಂದವು. ಒಂದೇ ಕಥೆ ಹತ್ತು ಪುಸ್ತಕಗಳಲ್ಲಿ ಹರಿಯುತ್ತದಂತೆ. "ಮಂಗನ ಪುಸ್ತಕ ಓದಿ ಹತ್ತನೇತ್ತೆ ಪಾಸ್ ಆಗ್ತಾಳ ನಿನ್ನ ಮಗಳು" ಎಂದು ನಮ್ಮವರು ನನಗೆ ಹೇಳುವರು. ಗೆಳತಿ ಭಾರೀ ಕಟ್ಟುನಿಟ್ಟಿನವಳು. ಎಣ್ಣೆ ಕೈ ತಾಗಬಾರದು, ತೇವ ಹಿಡಿಯಬಾರದು. ಹಾಗಾಗಿ ಆ ಪುಸ್ತಕಗಳ ಹಾಳೆಗೆ ಬಟ್ಟೆ ಹಾಸಿ ಇಸ್ತ್ರಿ ಮಾಡುವ ಕೆಲಸವನ್ನು ಗಿರಿಜಾ ತಾನಾಗಿ ಹಿಡಿದಳು.

ಒಂದು ಮಧ್ಯಾಹ್ನ ಒಳಗಿನಿಂದ ಅವಳ ನಗು ಕೇಳಿಸಿತು. ಬಂದ ಮೇಲೆ ಅದೇ ಮೊದಲು. ಅಕ್ಕಿ ಆರಿಸುತ್ತಿದ್ದ ಮೊರ ಹಿಡಿದುಕೊಂಡೇ ಹೋದೆ.

"ಈ ಕಥಿ ನೋಡ್ರಿ ವೈನಿ. ಮೊದಲನೇ ಹಾಳ್ಯಾಗ ಹುಡುಗ ಹುಡುಗಿ ಒಂದ ಛತ್ರ್ಯಾಗ ಅಂಟಿಕೊಂಡು ನಿಂತಾವ. ಕಡೀಕ ಬಂದ್ರ ಗುರುತ ಇಲ್ಲ. ಬಸ್ಸಿನ್ಯಾಗ ಒಂದರ ಮಾರಿ ಒಂದು ನೋಡವಲ್ವು."

ಶ್ರೇಯಾ ಹಾಸಿಗೆಯ ಮೇಲೆ ಹೊರಳಾಡಿ ನಕ್ಕಳು. "ಅತ್ತಿ, ನೀ ಉಲ್ಟಾ ಓದಾಕತ್ತಿ. ಜಪಾನಿ ಪುಸ್ತಕ ಬಲಗಡಿಂದ ಚಾಲೂ ಆಗ್ತಾವ. ನೀ ಕಡೀ ಪಾನಾದಿಂದ ಶುರು ಮಾಡೀದಿ."

"ಉಲ್ಟಾ ಯಾಕ ಆಗ್ತೈತಿ? ನಮ್ಮ ಕಡೆ ಹಿಂಗ ಅಲ್ಲೇನು? ಮೊದಲ ಮದುವಿ, ಆಮ್ಯಾಲ ಗುರುತ."

ಮೂವರೂ ನಕ್ಕೆವು. ನಗು ಮುಗಿದ ಮೇಲೂ ಅವಳು ಪುಸ್ತಕ ಕೆಳಗಿಡಲಿಲ್ಲ. ಅದನ್ನು ತಿರುಗಿಸಿ, ಬಲಗಡೆಯ ತುದಿಯಿಂದ ತೆರೆದು, "ಹಂಗಾರ ಇಲ್ಲಿಂದ ಓದಿ ಹೇಳ್ರಿ" ಎಂದು ನನ್ನ ಕೈಗೆ ಕೊಟ್ಟಳು.

ಅಂದಿನಿಂದ ಊಟವಾದ ಮೇಲೆ ಅದೇ ನಮ್ಮ ಕೆಲಸ. ಗಿರಿಜಾಳಿಗೆ ಇಂಗ್ಲಿಷು ಅಂಗಡಿಯ ಬೋರ್ಡು ಓದುವಷ್ಟು ಬರುತ್ತಿತ್ತು. ನಾನು ಒಂದೊಂದು ಚೌಕದ ಮಾತನ್ನು ನಮ್ಮ ಮಾತಿನಲ್ಲಿ ಹೇಳುವೆ, ಅವಳು ಚಿತ್ರದ ಮೇಲೆ ಬೆರಳಿಟ್ಟು ಕೇಳುವಳು. ಕಥೆ ಎಂದರೆ ಅಂಥ ಕಥೆಯೇನಿಲ್ಲ. ಸಮುದ್ರದ ಪಕ್ಕದ ಒಂದು ಊರು. ನಾಚಿಕೆ ಸ್ವಭಾವದ ಒಬ್ಬ ಶಾಲೆಯ ಹುಡುಗಿ. ಅದೇ ಬಸ್ಸಿನಲ್ಲಿ ಎದುರು ಸೀಟಿನಲ್ಲಿ ಕೂರುವ ಒಬ್ಬ ಉದ್ದನೆಯ ಹುಡುಗ. ಅವನು ಒಂದು ದಿನ ಕಿತ್ತಳೆ ಹಣ್ಣು ಸುಲಿದು ಅರ್ಧ ಕೊಡುತ್ತಾನೆ. ಅದಕ್ಕೆ ಉಪಕಾರ ಹೇಳಬೇಕು, ಹೇಗೆ ಹೇಳಲಿ ಎಂದು ಅವಳು ಒಂದು ಇಡೀ ಅಧ್ಯಾಯ ಒದ್ದಾಡುತ್ತಾಳೆ. ಬಸ್ಸಿನೊಳಗೆ ಇದ್ದಕ್ಕಿದ್ದಂತೆ ಹೂವುಗಳು ಅರಳಿಕೊಳ್ಳುತ್ತವೆ.

"ಬಸ್ಸಿನ್ಯಾಗ ಹೂವು ಎಲ್ಲಿಂದ ಬಂದ್ವು?" ಎಂದು ಗಿರಿಜಾ ಕೇಳಿದಳು.

"ಹೂವು ಖರೇ ಇಲ್ಲ ಅತ್ತಿ. ಅಕಿ ಮನಸಿನ್ಯಾಗ ಅದಾವ" ಎಂದಳು ಶ್ರೇಯಾ.

ಕೆಲವು ಚೌಕಗಳಲ್ಲಿ ಒಂದು ಮಾತೂ ಇರುವುದಿಲ್ಲ. ಬಸ್ಸಿನ ಕಿಟಕಿ, ಹಿಡಿಕೆಯ ಮೇಲೆ ಒಂದು ಕೈ, ಅಷ್ಟೆ. ನಾನು ಹಾಳೆ ತಿರುವಲು ಹೋದರೆ ಗಿರಿಜಾ ತಡೆಯುವಳು. "ತಡೀರಿ ವೈನಿ. ಅವರು ಸುಮ್ನ ಅದಾರ. ನಾವೂ ಒಂದೀಟು ಸುಮ್ನಿರೂನು."

ಧಾರವಾಡದ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ನಾವೂ ಭೂಗೋಳದ ಪುಸ್ತಕದ ಒಳಗಿಟ್ಟು ಪ್ರೇಮಕಥೆ ಓದಿದವರೇ. ಪ್ರೀತಿ ಎಂಬ ಮಾತನ್ನು ದೇವರ ಹೆಸರಿನ ಜೊತೆಗಲ್ಲದೆ ಎತ್ತದ ಸಿಸ್ಟರುಗಳ ಕಣ್ಣು ತಪ್ಪಿಸಿ ಓದಿದ ಆ ಕಥೆಗಳಲ್ಲಿ ಡಾಕ್ಟರುಗಳು, ಕುದುರೆ ಸವಾರರು, ಬಿರುಗಾಳಿಯಂಥ ಗಂಡಸರು ಇರುತ್ತಿದ್ದರು. ಎಲ್ಲ ಒಂದೇ ಉಸಿರಿಗೆ ನಡೆದುಹೋಗುತ್ತಿತ್ತು. ಈ ಪುಸ್ತಕ ನನ್ನನ್ನು ಯಾಕೆ ಹಿಡಿಯಿತೆಂದು ನಾನೇ ಯೋಚಿಸಿದ್ದೇನೆ. ಇಲ್ಲಿ ಯಾರಿಗೂ ಅವಸರವಿಲ್ಲ. ಹುಡುಗ ಒಂದು ಹೆಜ್ಜೆ ಇಟ್ಟು ನಿಂತು, ಹುಡುಗಿಯ ಮುಖ ನೋಡುತ್ತಾನೆ. ಅವಳಿಗೆ ಸರಿಯೆನಿಸಿದರೆ ಮಾತ್ರ ಇನ್ನೊಂದು ಹೆಜ್ಜೆ.

ಒಂದು ದಿನ ಹೀಗೇ ಓದುವಾಗ ಗಿರಿಜಾ ತಾನಾಗಿ ಮಾತಾಡಿದಳು. "ಅವರು ತಿಂಗಳಿಗೆ ಎರಡು ದಿನಾ ಮನೀಗೆ ಬರ್ತಿದ್ರು ವೈನಿ. ಬಂದ್ರ ಮನೀ ತುಂಬ ಮಂದಿ. ಚಾದಾಗ ಎಷ್ಟು ಸಕ್ರಿ ಬೇಕು ಅಂತ ತಿಳಕೊಳ್ಳೂದ್ರಾಗ ಹೋಗೇಬಿಟ್ರು." ಅವರು ಎಂದರೆ ಈರಣ್ಣ. ಅವಳ ಬೆರಳು ಚಿತ್ರದ ಹುಡುಗನ ಬ್ಯಾಗಿನ ಮೇಲಿತ್ತು. ನಾನು ಓದು ಮುಂದುವರಿಸಿದೆ.

ಜೂನ್ ಮುಗಿಯುವ ಹೊತ್ತಿಗೆ ಕುಡಚಡೆಯವರು ಬಂದರು. ಹುಡುಗನ ಹೆಸರು ಮಲ್ಲಿಕಾರ್ಜುನ, ಮೂಲ ವಿಜಯಪುರದ ಕಡೆಯವನು. ಅದಿರು ಲಾರಿಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹೆಂಡತಿ ಕಾಯಿಲೆಯಿಂದ ತೀರಿಕೊಂಡಿದ್ದಳು. ಚಿನ್ನಿ ಎಂಬ ಪುಟ್ಟ ಮಗಳಿದ್ದಳು. ಜೊತೆಗೆ ಬಂದಿದ್ದ ಅವನ ತಾಯಿ ಮೊಣಕಾಲು ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ, ಸೋಫಾದಲ್ಲಿ ಕುಳಿತು ಉಸಿರು ಬಿಟ್ಟರು. ಅವನು ಒದ್ದೆ ಪ್ಯಾಂಟಿನಿಂದ ಸೋಫಾ ನೆನೆಯದಿರಲೆಂದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತ. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಅಂಚಿನಲ್ಲಿತ್ತು. ಕಪ್ಪು ಹಿಡಿಯುವಾಗ ಬೆರಳನ್ನು ಒಳಗೆ ಮಡಚಿಕೊಳ್ಳುತ್ತಿದ್ದ.

"ಎರಡನೇ ಸಂಬಂಧಕ್ಕ ನೋಡೂದೇನೈತ್ರಿ?" ಎಂದರು ಅವನ ತಾಯಿ. "ನಮಗೂ ಬೇಕಾಗೇತಿ, ನಿಮಗೂ ಬೇಕಾಗೇತಿ. ಶ್ರಾವಣದಾಗ ಗುಡ್ಯಾಗ ನಾಕ ಅಕ್ಕಿಕಾಳ ಹಾಕಿ ಮುಗಿಸಿಬಿಡೂನು. ಮನ್ಯಾಗಿನ ಕೂಸಿನ ಹಿಂದ ಓಡಾಡೂದು ನನ್ನ ಕಾಲಿಗೆ ಆಗೂದಿಲ್ರಿ."

ನಮ್ಮವರು ಹೂಂ ಎನ್ನಲು ಬಾಯಿ ತೆರೆದಿದ್ದರು. ಬಾಗಿಲ ಹತ್ತಿರ ನಿಂತಿದ್ದ ಗಿರಿಜಾ, "ಅಣ್ಣಾ, ನನಗ ಸ್ವಲ್ಪ ದಿನಾ ಬೇಕು" ಎಂದಳು.

"ಯಾವುದಕ್ಕ?"

"ಗುರುತ ಆಗಾಕ. ಅವರು ಬಂದು ಹೋಗಿ ಮಾಡ್ಲಿ. ಮಾತಾಡ್ಲಿ. ಆಮ್ಯಾಲ ಹೇಳ್ತೇನಿ."

ಅವನ ತಾಯಿ ನನ್ನ ಮುಖ ನೋಡಿದರು, ನಾನೇ ಹೇಳಿಕೊಟ್ಟಿದ್ದೇನೆ ಎನ್ನುವ ಹಾಗೆ. "ನಮ್ಮ ಕಾಲದಾಗ ಎಲ್ಲಾ ಗುರುತ ಮಾಡಕೊಂಡ ಬಾಳೇ ಮಾಡೀವೇನ್ರಿ?" ನಮ್ಮವರ ಕಿವಿ ಕೆಂಪಾಗಿತ್ತು. ಆಗ ಮಲ್ಲಿಕಾರ್ಜುನ ಸ್ಟೂಲಿನಿಂದಲೇ ಮೆಲ್ಲಗೆ ಹೇಳಿದ: "ನಾ ಬರ್ತೇನ್ರಿ. ಮಳಿಗಾಲದಾಗ ಮೈನಿಂಗ್ ಬಂದ್. ನನಗೂ ಕೆಲಸ ಕಡಿಮಿ."

ಹೇಳಿದಂತೆ ಬಂದ. ಕುಡಚಡೆಯಿಂದ ಮಡಗಾಂವ, ಅಲ್ಲಿಂದ ಪಣಜಿ, ಪಣಜಿಯಿಂದ ಸೇತುವೆ ದಾಟಿ ಪರ್ವರಿ. ಬಸ್ಸು ಬದಲಿಸುತ್ತ, ನೆನೆಯುತ್ತ ಭಾನುವಾರ ಊಟದ ಹೊತ್ತು ಕಳೆದ ಮೇಲೆ ಬರುವನು. ಊಟಕ್ಕೆ ಭಾರವಾಗಬಾರದೆಂದು ಹಾಗೆ ಬರುತ್ತಿದ್ದ ಎಂದು ನನಗೆ ತಡವಾಗಿ ಹೊಳೆಯಿತು. ಹೂವು ಹಣ್ಣು ತರುತ್ತಿರಲಿಲ್ಲ. ಒಮ್ಮೆ ನಮ್ಮ ಮಿಕ್ಸರು ಗುಂಯ್‌ಗುಡುವುದನ್ನು ಕೇಳಿ, ಮುಂದಿನ ವಾರ ಅದಕ್ಕೆ ಸರಿಯಾದ ರಬ್ಬರು ತಂದು ಹಾಕಿದ. ಇಬ್ಬರೂ ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಗಳ ನಡುವೆ ಕೂರುವರು. ಬಾಗಿಲು ತೆರೆದಿರುತ್ತಿತ್ತು. ಮಾತಿಗಿಂತ ಮಳೆಯ ಸದ್ದೇ ಹೆಚ್ಚು.

ಒಮ್ಮೆ ಸ್ಟೂಲಿನ ಮೇಲಿದ್ದ ಪುಸ್ತಕ ನೋಡಿ, "ಇದೇನ್ರಿ?" ಎಂದ. ಗಿರಿಜಾ ಅವನಿಗೆ ಬಲದಿಂದ ಓದುವುದನ್ನು ಹೇಳಿಕೊಟ್ಟಳು. ಅವನು ಬಹಳ ಹೊತ್ತು ಹಾಳೆ ತಿರುವಿದ.

"ಈ ಹುಡುಗ ಒಂದ ಮಾತು ಹೇಳಾಕ ಎಷ್ಟ ದಿನಾ ತಗೋತಾನ್ರಿ?"

"ತಗೋಬೇಕ್ರಿ" ಎಂದಳು ಗಿರಿಜಾ.

ಅವನು ತಲೆಯಾಡಿಸಿದ. ಶ್ರೇಯಾ ಅಡುಗೆಮನೆಗೆ ಓಡಿಬಂದು ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು: "ಮಮ್ಮಿ, ಬಾಲ್ಕನ್ಯಾಗ ಹೂವು ಬಿಟ್ಟಾವ."

ಆಗಸ್ಟಿನಲ್ಲಿ ನಾವು ನಾಲ್ಕನೆಯ ಪುಸ್ತಕಕ್ಕೆ ಬಂದೆವು. ಅದರ ನಡುವೆ ಬಸ್ ನಿಲ್ದಾಣದಲ್ಲಿ ಹುಡುಗ ಆ ಹುಡುಗಿಯ ಹೆಸರು ಹಿಡಿದು ಕರೆಯುತ್ತಾನೆ. ಅಷ್ಟು ದಿನ ಮನೆತನದ ಹೆಸರಿನಿಂದ ಕರೆಯುತ್ತಿದ್ದವನು. ಆ ದೇಶದಲ್ಲಿ ಅದೇ ದೊಡ್ಡ ಮಾತಂತೆ. ಎರಡು ಹಾಳೆ ತುಂಬ ಬರೀ ಅವಳ ಮುಖ. ಹೆಸರು ಕೇಳಿದ ಮುಖ.

ಗಿರಿಜಾ ಹಾಳೆಯ ಮೇಲೆ ಅಂಗೈ ಇಟ್ಟು ಕೂತಳು. ಆಮೇಲೆ ಹೇಳಿದಳು: "ನಾ ಅವರ ಹೆಸರು ಒಮ್ಮೆ ಹೇಳೀನಿ ವೈನಿ. ಹೊಸಲೀ ಮುಂದ."

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಾನೂ ಈ ಬರಹದಲ್ಲಿ ಹೇಳಿಲ್ಲ. ಮದುವೆಯಾಗಿ ಬಂದ ದಿನ ಮಾತ್ರ, ಹೊಸ್ತಿಲಿಗೆ ಅಡ್ಡ ನಿಂತ ನಾದಿನಿಯರು ಬಿಡದೆ ಹೇಳಿಸುತ್ತಾರೆ. ಅದನ್ನೂ ಒಡಪು ಕಟ್ಟಿ, ಪ್ರಾಸದೊಳಗೆ ಮುಚ್ಚಿ ಹೇಳಬೇಕು. ಗಿರಿಜಾಳ ಮದುವೆಯಲ್ಲಿ ನಾನೂ ಇದ್ದೆ. "ಬೆಳ್ಳಿ ಬಟ್ಟಲದಾಗ ಹಾಲು ಸಕ್ರಿ, ಈರಣ್ಣವರ ಹೆಸರು ಹೇಳೇನಿ, ದಾರಿ ಬಿಡ್ರಿ" ಎಂದು ಓಡುವ ಹಾಗೆ ಹೇಳಿ ತಲೆ ತಗ್ಗಿಸಿದ್ದಳು. ಹೆಂಗಸರು ಗೊಳ್ಳೆಂದು ನಕ್ಕಿದ್ದರು.

"ಆ ಗದ್ದಲದಾಗ ಅವರಿಗೆ ಕೇಳಿಸ್ತೋ ಇಲ್ಲೋ" ಎಂದಳು. "ಒಮ್ಮೆ ಕೇಳಬೇಕಂತ ಇತ್ತು. ಕೇಳಲಿಲ್ಲ."

ಅದಾದ ಮೇಲಿನ ಒಂದು ಭಾನುವಾರ ಮಲ್ಲಿಕಾರ್ಜುನ ಚಿನ್ನಿಯನ್ನು ಕರೆದುಕೊಂಡು ಬಂದ. ಗಿರಿಜಾಳೇ ಕರೆತರಲು ಹೇಳಿದ್ದಳಂತೆ. ಮಗು ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಸುಸ್ತಾಗಿತ್ತು. ಗಿರಿಜಾ ಅದರ ಮುಖ ತೊಳೆದು, ಶ್ರೇಯಾಳ ಹಳೆಯ ಅಂಗಿ ಹಾಕಿ, ಮಡಿಲಲ್ಲಿ ಮಲಗಿಸಿಕೊಂಡಳು. ನಾನು ಒಳಗೆ ಮಗುವಿಗೆಂದು ಗಂಜಿ ಕಲಕುತ್ತಿದ್ದೆ. ಬಾಲ್ಕನಿಯಿಂದ ಅವನ ದನಿ ಬಂತು: "ಗಿರಿಜಾ, ಕಾಲು ಜೋಮು ಹಿಡದೀತು. ಇತ್ಲಾಗ ಕೊಡ್ರಿ."

ಅಲ್ಲಿಯವರೆಗೆ ಅವನು ಅವಳನ್ನು ಹೆಸರು ಹಿಡಿದು ಕರೆದಿರಲಿಲ್ಲ. "ಇವರು", "ಅವರು", "ಒಳಗ ಅದಾರೇನ್ರಿ", ಹೀಗೇ ಸಾಗಿತ್ತು. ಸೌಟು ಹಿಡಿದ ಹಾಗೇ ಬಾಗಿಲಿನಿಂದ ಇಣುಕಿದೆ. ಗಿರಿಜಾ ಮಗುವನ್ನು ಕೊಟ್ಟಿರಲಿಲ್ಲ. "ಇರಲಿ ಬಿಡ್ರಿ" ಎನ್ನುತ್ತ ಮಗುವಿನ ಕೂದಲಲ್ಲಿ ಬೆರಳಾಡಿಸುತ್ತಿದ್ದಳು. ನನಗೆ ಕಂಡದ್ದು ಅವಳ ಒಂದು ಬದಿಯ ಕೆನ್ನೆ ಮಾತ್ರ. ಅಷ್ಟು ಸಾಕಾಗಿತ್ತು.

ಆದರೆ ಕುಡಚಡೆಯಿಂದ ಫೋನು ಬರುವುದು ಹೆಚ್ಚಾಯಿತು. "ಮಾತಾಡೂದು ಇನ್ನೂ ಮುಗೀಲಿಲ್ಲೇನ್ರಿ?" ಎಂದು ಅವನ ತಾಯಿ ಕೇಳುವರು. ನಮ್ಮವರಿಗೂ ಸಾಕಾಗಿತ್ತು. "ಗಿರಿಜಾ, ಹುಡುಗ ಬಂಗಾರದಂಥವ. ಇನ್ನೇನು ನೋಡತಿ?"

"ನೋಡೂದೇನಿಲ್ಲಣ್ಣಾ. ಮನಸಿಗೆ ಬಂದಾರ" ಎಂದಳು, ನೆಲ ನೋಡುತ್ತ. "ಚವತಿ ಆದಮ್ಯಾಲ ಹೂಂ ಅಂತೇನಿ. ಅಲ್ಲೀತನಕ ಹಿಂಗ ಬರ್ಲಿ. ಈ ಬರೂದು ಮದುವಿ ಆದಮ್ಯಾಲ ಇರೂದಿಲ್ಲ."

ನಮ್ಮವರು ನನ್ನನ್ನು ನೋಡಿದರು. "ಅಷ್ಟು ಕೊಡ್ರಿ ಅಕಿಗೆ" ಎಂದೆ. ಕೊಟ್ಟರು. ಕುಡಚಡೆಗೆ ಫೋನು ಮಾಡಿ ಚವತಿಯ ತನಕ ತಡೆಯಿರಿ ಎಂದು ಕೇಳಿಕೊಂಡರು. ಆ ಕಡೆಯಿಂದ ಉತ್ತರ ಬರಲಿಲ್ಲವಂತೆ, ಹೂಂ ಎಂದೂ ಇಲ್ಲ, ಊಹೂಂ ಎಂದೂ ಇಲ್ಲ.

ಚವತಿ ಬಂತು. ಕೆಳಗಿನ ಮನೆಯ ಕೊಂಕಣಿ ಅಜ್ಜಿ ನೇವರಿ, ಅಂದರೆ ನಮ್ಮ ಕರಿಗಡುಬು, ಕೊಟ್ಟು ಕಳಿಸಿದರು, ಓಣಿಯಲ್ಲಿ ಪಟಾಕಿ ಸಿಡಿದವು, ಗಣಪತಿ ಹೊಳೆಗೆ ಹೋದ. ಅದರ ನಂತರದ ಭಾನುವಾರ ಗಿರಿಜಾ ಹಸಿರು ಸೀರೆ ಉಟ್ಟು ತಯಾರಾಗಿದ್ದಳು. ಅವನು ಬರಲಿಲ್ಲ. ಮುಂದಿನ ಭಾನುವಾರವೂ ಬರಲಿಲ್ಲ. ಚಿನ್ನಿಗೆ ಜ್ವರ ಎಂದು ನಮ್ಮವರ ಫೋನಿಗೆ ಒಂದು ಮಾತು ಬಂದಿತ್ತು. ಶ್ರೇಯಾ ಹತ್ತನೆಯ ಪುಸ್ತಕ ತಂದಿಟ್ಟಳು. "ಇವತ್ತ ಬ್ಯಾಡ" ಎಂದು ಗಿರಿಜಾ ಅದನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟಳು. ಮಾರನೆಯ ದಿನ ಗೆಳತಿ ಕೇಳಿದಳೆಂದು ಅದು ಹಾಗೇ ಹಿಂದಕ್ಕೆ ಹೋಯಿತು.

ಅವನು ಬಂದದ್ದು ವಾರದ ನಡುವೆ, ಬೆಳಗಿನ ಹೊತ್ತು. ನಮ್ಮವರು ಕೆಲಸಕ್ಕೆ ಹೋಗಿದ್ದರು, ಶ್ರೇಯಾ ಶಾಲೆಗೆ. ಮಳೆ ನಿಂತು, ಗೋಡೆಗಳ ಮೇಲೆ ಹೊಸ ಬಿಸಿಲು ಬಿದ್ದಿತ್ತು. ಒಳಗೆ ಬನ್ನಿ ಎಂದರೂ ಬಾಗಿಲಲ್ಲೇ ನಿಂತ. ಗಿರಿಜಾ ನನ್ನ ಹಿಂದೆ ಬಂದು ನಿಂತಳು. ಅವನು ನನ್ನನ್ನು ನೋಡಿಯೇ ಮಾತಾಡಿದ.

"ಅವ್ವ ಬಚ್ಚಲದಾಗ ಜಾರಿ ಬಿದ್ಲ್ರಿ. ಸೊಂಟದ ಎಲುಬು. ಚಿನ್ನಿಗೆ ಜ್ವರ. ನನಗೂ ದಿಕ್ಕ ತೋಚಲಿಲ್ಲ. ಊರಿಂದ ಸೋದರಮಾವ ಬಂದ, ಸಂಗಾಟ ಮಗಳನ್ನ ಕರಕೊಂಡು. ಅಕಿನ ಇಬ್ಬರನೂ ನೋಡಕೊಳ್ಳಾಕತ್ತಾಳ." ಬಾಗಿಲ ಚೌಕಟ್ಟು ಹಿಡಿದುಕೊಂಡ. "ಅವ್ವ ಹಾಸಿಗ್ಯಾಗಿಂದ ಮಾವಗ ಮಾತು ಕೊಟ್ಟಬಿಟ್ಟಾಳ್ರಿ. ಬರೂ ಸೋಮವಾರ ಅಕಿ ಜೋಡಿ ಮದುವಿ."

ಅವನೇ ಹೇಳಿದ: "ಫೋನಿನ್ಯಾಗ ಹೇಳು ಅಂದ್ರು ಎಲ್ಲಾರೂ. ನಾ ಬಂದು ಹೇಳಬೇಕು ಅನಸ್ತು. ಇಲ್ಲಿ ಇಷ್ಟ ದಿನಾ ಬಂದೇನಿ."

ಗಿರಿಜಾ ನನ್ನ ಪಕ್ಕಕ್ಕೆ ಬಂದಳು. "ಚಿನ್ನಿ ಜ್ವರ ಬಿಡ್ತೇನ್ರಿ?"

"ಬಿಡ್ತು."

"ಅನ್ನ ಉಣ್ಣಾಕತ್ತಾಳ?"

"ಹೂಂ. ಗಂಜಿ ಬೇಕಂತಾಳ. ಇಲ್ಲಿದು." ಬೆರಳುಗಳನ್ನು ಒಳಗೆ ಮಡಚಿಕೊಂಡು, "ಬರ್ತೇನ್ರಿ" ಎಂದ.

ಎರಡು ಮೆಟ್ಟಿಲು ಇಳಿದಿದ್ದ. ಗಿರಿಜಾ ಹೊಸ್ತಿಲ ಮೇಲೆ ನಿಂತು, ಸ್ಪಷ್ಟವಾಗಿ, ಒಂದು ಅಕ್ಷರವನ್ನೂ ನುಂಗದೆ ಹೇಳಿದಳು:

"ಹೋಗಿ ಬರ್ರಿ, ಮಲ್ಲಿಕಾರ್ಜುನ."

ಪ್ರಾಸವಿಲ್ಲ, ಬೆಳ್ಳಿ ಬಟ್ಟಲಿಲ್ಲ. ಬರೀ ಹೆಸರು. ಗಂಡನಾಗುವವನ ಹೆಸರನ್ನು ಅವಳು ಹಾಗೆ ಹೇಳುತ್ತಿರಲಿಲ್ಲ. ಅದು ನನಗೂ ತಿಳಿಯಿತು, ಅವನಿಗೂ ತಿಳಿಯಿತು. ಅವನು ಮೆಟ್ಟಿಲ ಕಟಾಂಜನ ಹಿಡಿದು ನಿಂತ. ತಿರುಗಿದಾಗ ಅವನ ಮುಖವನ್ನು ನಾನು ನೋಡಬಾರದಿತ್ತು ಅನ್ನಿಸಿ ಒಳಗೆ ಬಂದುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಇಳಿದುಹೋಯಿತು.

ಗಿರಿಜಾ ಚಿಲಕ ಹಾಕಿ ಅಡುಗೆಮನೆಗೆ ಬಂದಳು. ಹೆಚ್ಚಿಟ್ಟ ಬೆಂಡೆಕಾಯಿಯ ಮುಂದೆ ನೆಲದ ಮೇಲೆ ಕೂತಳು. ನಾನೂ ಗ್ಯಾಸು ಆರಿಸಿ ಪಕ್ಕದಲ್ಲಿ ಕೂತೆ. ತಪ್ಪು ಯಾರದೆಂದು ಹುಡುಕುವ ಒಂದು ಮಾತನ್ನೂ ಅವಳು ಆಡಲಿಲ್ಲ. ನನ್ನ ಕಡೆ ತಿರುಗದೆ ಹೇಳಿದಳು.

"ಲಾರಿ ಉರುಳಿ ಅವರು ಹೋದಾಗ ಎಲ್ಲಾರೂ ಅಳಸಿದ್ರು ವೈನಿ. ನಾನೂ ಅತ್ನಿ. ಯಾರ ಸಲುವಾಗಿ ಅಳಾಕತ್ತೇನಿ ಅಂತ ನನಗ ಗೊತ್ತಿರಲಿಲ್ಲ. ಅದಕ್ಕ ಭಾಳ ನಾಚಿಕಿ ಆಗ್ತಿತ್ತು."

ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಈಗ ಗೊತ್ತೈತ್ರಿ" ಎಂದಳು.